ಜೆರಿಕೋದಲ್ಲಿ ಉಳಿದ ಬಾಯ್ಲರು

ಆಗಸ್ಟ್ 10, 2025, ಭಾನುವಾರ. ಪಾರ್ಸಿಪನಿ

ಮೊಣಕಾಲು ಬದಲಾಯಿಸಿ ಇವತ್ತಿಗೆ ಹನ್ನೆರಡು ದಿನ. ಫಿಸಿಕಲ್ ಥೆರಪಿಗೆ ಬರುವ ಹುಡುಗಿ ಒಂದು ನೋಟ್‌ಬುಕ್ಕು ಕೊಟ್ಟು, ನೋವು ಎಷ್ಟಿದೆ ಎಂದು ದಿನಾ ಒಂದರಿಂದ ಹತ್ತರೊಳಗೆ ಬರೆದಿಡಿ ಎಂದು ಹೇಳಿ ಹೋಗಿದ್ದಾಳೆ. ಇವತ್ತು ಆರು. ಬರೆದಾಯಿತು. ಪುಟದಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿದೆ, ದಿನವೂ ಬೇಕಾದಷ್ಟು ಉಳಿದಿದೆ. ಕನ್ನಡದಲ್ಲಿ ಬರೆದರೆ ಆ ಹುಡುಗಿಗೆ ತಿಳಿಯುವುದಿಲ್ಲ. ಹೆಂಡತಿ ಮಂಜರಿಗೆ ತಿಳಿಯುತ್ತದೆ, ಆದರೆ ಅವಳು ಕನ್ನಡಕ ಹುಡುಕಿ ಓದುವಷ್ಟು ಕುತೂಹಲದವಳಲ್ಲ. ಹಾಗಾಗಿ ಧೈರ್ಯವಾಗಿ ಬರೆಯಬಹುದು.

ಇಪ್ಪತ್ತೆಂಟು ವರ್ಷ ಮ್ಯಾನ್‌ಹಟನ್ನಿನ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸಿದ ಎಂಜಿನಿಯರ್ ರಾಜಶೇಖರ ಈಗ ಸ್ವಂತ ಮನೆಯ ಹದಿಮೂರು ಮೆಟ್ಟಿಲು ಹತ್ತಲಾರದೆ ಫ್ಯಾಮಿಲಿ ರೂಮಿನ ಸೋಫಾದಲ್ಲಿ ಮಲಗುತ್ತಿದ್ದಾನೆ. ಎಂಟು ವಾರ ಡ್ರೈವ್ ಮಾಡುವ ಹಾಗಿಲ್ಲ. ವಾಕರ್ ಹಿಡಿದು ತಲುಪಬಹುದಾದ ಪರಸ್ಥಳ ಎಂದರೆ ಗರಾಜು ಒಂದೇ.

ಗರಾಜಿನಲ್ಲಿ ಅರ್ಧ ಎಂಜಿನ್ನು ಇದೆ. ಬ್ರಿಟನ್ನಿನ ಕಾರೊನೇಷನ್ ದರ್ಜೆಯ ಎಕ್ಸ್‌ಪ್ರೆಸ್ ಉಗಿ ಎಂಜಿನ್ನು, ಅಸಲಿಯ ಹದಿನಾರನೇ ಒಂದು ಅಳತೆಯದು, ನಾಲ್ಕೂವರೆ ಅಡಿ ಉದ್ದ. ಶೋಕೇಸಿನ ಗೊಂಬೆಯಲ್ಲ. ಕಲ್ಲಿದ್ದಲು ಹಾಕಿ ನೀರು ಕುದಿಸಿದರೆ ಹಿಂದೆ ಮೂರು ಜನರನ್ನು ಕೂರಿಸಿಕೊಂಡು ಎಳೆದುಕೊಂಡು ಹೋಗಬೇಕಾದದ್ದು. ಚಾಸಿ, ಚಕ್ರ, ನಾಲ್ಕು ಸಿಲಿಂಡರು, ಮೇಲೆ ಮುಚ್ಚುವ ಕೆಂಪು ಹೊದಿಕೆ ನನ್ನ ಹತ್ತಿರ ಇವೆ. ಬಾಯ್ಲರು ಮತ್ತು ಕಲ್ಲಿದ್ದಲು, ನೀರು ಹೊರುವ ಟೆಂಡರು ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ ಒಬ್ಬನ ಹತ್ತಿರ ಇವೆ. ಹತ್ತೊಂಬತ್ತು ವರ್ಷ ಇಬ್ಬರೂ ಸೇರಿ ಮಾಡಿದೆವು. ನಾಲ್ಕು ವರ್ಷದ ಹಿಂದೆ ಜಗಳವಾಗಿ ಪಾಲಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಜೆರಿಕೋದವನು ಎಂದರೆ ಸಾಕು.

ಆಗಸ್ಟ್ 14, ಗುರುವಾರ

ನೋವು ಆರು.

ಗರಾಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಚಕ್ರಗಳಿಗೆ ಎಣ್ಣೆ ಬಿಟ್ಟೆ. ಓಡದ ಎಂಜಿನ್ನಿಗೆ ಎಣ್ಣೆ ಯಾಕೆಂದು ಮಂಜರಿ ಕೇಳಿದಳು. ತುಕ್ಕು ಹಿಡಿಯಬಾರದು ಎಂದೆ. "ಹಂಗಿದ್ರ ನೀವೂ ಸ್ವಲ್ಪ ಹಾಕ್ಕೋರಿ" ಎಂದು ಹೇಳಿ ಒಳಗೆ ಹೋದಳು.

ಈ ಎಂಜಿನ್ನಿನ ಕಥೆ ಹೇಳಲು ಈಗ ಮನೆಯಲ್ಲಿ ಕೇಳುವವರಿಲ್ಲ. ಇಲ್ಲಿ ಬರೆದಿಡುತ್ತೇನೆ.

1937ರಲ್ಲಿ ಲಂಡನ್ನಿನಿಂದ ಗ್ಲಾಸ್ಗೋಗೆ ಓಡುವ ಹೊಸ ಎಕ್ಸ್‌ಪ್ರೆಸ್ಸಿಗಾಗಿ ಈ ದರ್ಜೆ ಹುಟ್ಟಿತು. ಮುಂದಿನ ಹನ್ನೊಂದು ವರ್ಷದಲ್ಲಿ ಒಟ್ಟು ಮೂವತ್ತೆಂಟು ಎಂಜಿನ್ನು ಕಟ್ಟಿದರು. ಮೊದಲನೆಯದರ ಹೆಸರು ಕಾರೊನೇಷನ್, ನಂಬರು 6220. ನೀಲಿ ಮೈ, ಬೆಳ್ಳಿ ಪಟ್ಟೆ, ಗಾಳಿ ಸೀಳಲಿಕ್ಕೆ ತಲೆಯಿಂದ ಕಾಲಿನವರೆಗೆ ನುಣ್ಣನೆಯ ಹೊದಿಕೆ. ಪರೀಕ್ಷೆಗೆ ಓಡಿಸಿದ ದಿನ ಕ್ರೂ ಸ್ಟೇಷನ್ನಿನ ಹತ್ತಿರ ಗಂಟೆಗೆ ನೂರ ಹದಿನಾಲ್ಕು ಮೈಲಿ ಮುಟ್ಟಿತು. ಆ ವೇಗದಲ್ಲಿ ಸ್ಟೇಷನ್ನಿನ ತಿರುವುಗಳಿಗೆ ನುಗ್ಗಿದಾಗ ಊಟದ ಬೋಗಿಯ ಪಿಂಗಾಣಿಯೆಲ್ಲ ನೆಲಕ್ಕೆ ಬಿದ್ದು ಪುಡಿಯಾಯಿತು. ಕನ್ನಡ ಕೂಟದ ಪ್ರತಿಯೊಂದು ಪಾಟ್‌ಲಕ್ ಊಟದಲ್ಲೂ ಜೆರಿಕೋದವನು ಕೈಯಲ್ಲಿದ್ದ ತಟ್ಟೆಯನ್ನು ವಾಲಿಸಿ ತೋರಿಸಿ ಈ ಕಥೆ ಹೇಳುತ್ತಿದ್ದ. ನಮ್ಮ ಮನೆಯಲ್ಲಾದರೆ ಮಂಜರಿ ಉಸಿರು ಬಿಗಿಹಿಡಿದು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು.

1939ರಲ್ಲಿ ನ್ಯೂಯಾರ್ಕಿನ ವಿಶ್ವ ಮೇಳಕ್ಕೆ ಒಂದು ರೈಲು ಕಳಿಸಬೇಕಾಯಿತು. ಹೆಸರು ಮಾಡಿದ್ದು ಕಾರೊನೇಷನ್. ಆದರೆ ಕಂಪನಿಯವರು ಆಗಷ್ಟೇ ಕಟ್ಟಿದ್ದ 6229 ನಂಬರಿನ ಕೆಂಪು ಎಂಜಿನ್ನನ್ನು ಆರಿಸಿದರು. ಅದರ ಹೆಸರು ಡಚೆಸ್ ಆಫ್ ಹ್ಯಾಮಿಲ್ಟನ್. ಎರಡೂ ಎಂಜಿನ್ನುಗಳ ಹೆಸರು, ನಂಬರು ಬಿಚ್ಚಿ ಅದಲುಬದಲು ಮಾಡಿದರು. ಡಚೆಸ್ ಕಾರೊನೇಷನ್ ಆಗಿ ಹಡಗು ಹತ್ತಿದಳು. ಅಸಲಿ ಕಾರೊನೇಷನ್ ಊರಲ್ಲೇ ಉಳಿದು ಡಚೆಸ್ ಹೆಸರಿನಲ್ಲಿ ದುಡಿಯಿತು.

ಇಲ್ಲಿ ಅವಳಿಗೆ ಒಂದು ಗಂಟೆ, ಒಂದು ಹೆಡ್‌ಲೈಟು ಕಟ್ಟಿ ಮೂರು ಸಾವಿರ ಮೈಲಿ ಮೆರವಣಿಗೆ ಮಾಡಿಸಿ, ಫ್ಲಶಿಂಗಿನ ಮೇಳದಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ವಾಪಸು ಹೋಗಲು ಹಡಗಿಲ್ಲ. 1942ರವರೆಗೆ ಇಲ್ಲೇ ಇದ್ದಳು, ಬೇರೆಯವರ ಹೆಸರು ಹೊತ್ತುಕೊಂಡು. ಊರು ಸೇರಿದ ಮರುವರ್ಷ ಅವಳ ಹೆಸರು ಅವಳಿಗೆ ಸಿಕ್ಕಿತು.

ನಾವು ಕಟ್ಟಿದ್ದು ಫ್ಲಶಿಂಗಿಗೆ ಬಂದ ಆ ಕೆಂಪು ಎಂಜಿನ್ನನ್ನು. ಅದಕ್ಕೆ ಯಾವ ಹೆಸರು ಹಾಕಬೇಕು ಎನ್ನುವುದೇ ಜಗಳ. ನಾನು ಕಾರೊನೇಷನ್ ಎಂದೆ. ಈ ದೇಶದ ಜನ ನೋಡಿದ್ದು, ಕೈಬೀಸಿದ್ದು ಆ ಹೆಸರಿಗೆ. ಜೆರಿಕೋದವನು ಡಚೆಸ್ ಎಂದ. ಕೆಳಗೆ ಬಗ್ಗಿ ನೋಡಿದರೆ ಕಬ್ಬಿಣದ ಮೇಲೆ 6229 ಎಂದೇ ಒತ್ತಿರುತ್ತದೆ, ಮೇಲಿನ ಹೆಸರಿನ ಹಲಗೆ ಮೇಳಕ್ಕೆ ಹಾಕಿದ ವೇಷ ಎನ್ನುವುದು ಅವನ ವಾದ.

ನನ್ನ ಮೊದಲ ಸೂಪರ್‌ವೈಸರಿಗೆ ರಾಜಶೇಖರ ಎನ್ನಲು ಬರಲಿಲ್ಲ. ರೋಜರ್ ಎಂದು ಕರೆದ. ಹೆಲ್ಮೆಟ್ಟಿನ ಮೇಲೂ ಅದೇ ಬಂತು, ರಿಟೈರ್ ಆದ ದಿನ ಕೇಕಿನ ಮೇಲೂ ಅದೇ ಇತ್ತು. ಇಪ್ಪತ್ತೆಂಟು ವರ್ಷ ದುಡಿದ ಹೆಸರನ್ನು ವೇಷ ಅಂದರೆ ನನಗೆ ಕೋಪ ಬರುತ್ತದೆ. ದುಡಿದ ಹೆಸರೂ ಹೆಸರೇ.

ಆಗಸ್ಟ್ 24, ಭಾನುವಾರ

ನೋವು ಐದು. ವಾಕರ್ ಬಿಟ್ಟು ಕೋಲು ಹಿಡಿದಿದ್ದೇನೆ.

ಭಾನುವಾರವೆಂದರೆ ಮಂಜರಿ ಗಿರ್ಮಿಟ್ ಮಾಡುತ್ತಾಳೆ. ನಾವಿಬ್ಬರೂ ಹುಬ್ಬಳ್ಳಿಯವರು, ಚುರುಮುರಿ ಇಲ್ಲದೆ ಭಾನುವಾರ ಆಗುವುದಿಲ್ಲ. ಹತ್ತೊಂಬತ್ತು ವರ್ಷ ಜೆರಿಕೋದವನು ಬೆಳಿಗ್ಗೆ ಒಂಬತ್ತಕ್ಕೆ ಎರಡು ಬ್ರಿಜ್ ದಾಟಿ ಬಂದು, ಗರಾಜಿನಲ್ಲಿ ಸಂಜೆವರೆಗೆ ಕೆಲಸ ಮಾಡಿ, ನಡುವೆ ಎರಡು ಸಲ ಗಿರ್ಮಿಟ್ ತಿನ್ನುತ್ತಿದ್ದ. ಮೈಸೂರಿನವನಾದ್ದರಿಂದ ಮೊದಲ ವರ್ಷ ಮೂಗು ಮುರಿದ. ಎರಡನೇ ವರ್ಷದಿಂದ ಕೇಳಿ ಹಾಕಿಸಿಕೊಂಡ. ಮಂಜರಿ ಈಗಲೂ ಮೂವರಿಗಾಗುವಷ್ಟು ಕಲಸುತ್ತಾಳೆ. ಯಾಕೆಂದು ಕೇಳಿದರೆ "ಕೈ ಅಳತಿ ತಪ್ಪತೈತ್ರಿ" ಎನ್ನುತ್ತಾಳೆ. ಉಳಿದದ್ದು ಸಂಜೆಗೆ ಮೆತ್ತಗಾಗಿ ಕಸಕ್ಕೆ ಹೋಗುತ್ತದೆ.

ಯುದ್ಧ ಮುಗಿದ ಮೇಲೆ ಈ ದರ್ಜೆಯ ಎಂಜಿನ್ನುಗಳ ನುಣ್ಣನೆಯ ಹೊದಿಕೆಯನ್ನು ಕಿತ್ತುಹಾಕಿದರು, ಒಳಗೆ ಕೈಹಾಕಿ ಕೆಲಸ ಮಾಡಲು ತೊಡಕು ಎಂದು. ಆದರೆ ಹೊದಿಕೆಗೆ ಹೊಂದಲೆಂದು ಮೂತಿಯ ಮೇಲ್ಭಾಗವನ್ನು ಇಳಿಜಾರಾಗಿ ಕತ್ತರಿಸಿದ್ದರಲ್ಲ, ಅದು ಹಾಗೇ ಉಳಿಯಿತು. ಹೊದಿಕೆ ಹೋಗಿ ವರ್ಷಗಳಾದರೂ ಆ ಓರೆ ತಲೆ ನೋಡಿ, ಇದಕ್ಕೆ ಒಂದು ಕಾಲದಲ್ಲಿ ಹೊದಿಕೆ ಇತ್ತು ಎಂದು ಜನ ಗುರುತು ಹಿಡಿಯುತ್ತಿದ್ದರು. ಮಂಜರಿಯ ಗಿರ್ಮಿಟ್ ಬುಟ್ಟಿ ನೋಡಿದಾಗ ಇದು ನೆನಪಾಯಿತು, ಅಷ್ಟೇ.

ಜಗಳವಾದ ದಿನದ್ದನ್ನೂ ಬರೆದು ಮುಗಿಸಿಬಿಡುತ್ತೇನೆ. 2021ರ ಅಕ್ಟೋಬರ್. ಎಲ್ಲಾ ಒಂದು ಸಲ ಜೋಡಿಸಿ ನೋಡಿಯಾಗಿತ್ತು. ಹೆಸರಿನ ಹಲಗೆ ಮಾತ್ರ ಬಾಕಿ. ಹೆಸರು ಯಾವುದಾದರೂ ಇರಲಿ, ತೂತು ಕೊರೆಯೋಣ ಎಂದು ಜೆರಿಕೋದವನೇ ಡ್ರಿಲ್ಲು ತೆಗೆದುಕೊಂಡ. ಅವನು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಯಲ್ಲಿ ಕೆಲಸ ಮಾಡಿದವನು. ಕೊರೆದ. ನೋಡಿದರೆ ಎರಡು ತೂತುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಆರು ಕೋಟು ಬಳಿದು ತಿಕ್ಕಿದ್ದ ನನ್ನ ಕೆಂಪು ಬಣ್ಣದ ಮೇಲೆ. ಅವನು ಹೇಳಿದ ಹೆಸರಿಗೆ ನಾನು ಒಪ್ಪಲಿಲ್ಲವೆಂದು ಹಟಕ್ಕೇ ಹಾಗೆ ಮಾಡಿದ ಎಂದುಕೊಂಡೆ. ನಾನು ಒಂದು ಮಾತು ಅಂದೆ. ನನ್ನ ಜಾಗದಲ್ಲಿ ಯಾರಿದ್ದರೂ ಅನ್ನುತ್ತಿದ್ದ ಮಾತು. ಅವನು ಸ್ಪ್ಯಾನರ್ ತೆಗೆದುಕೊಂಡು ತಾನು ಮಾಡಿದ ಬಾಯ್ಲರನ್ನು ಬಿಚ್ಚಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಟೆಂಡರನ್ನು ಡಿಕ್ಕಿಯಲ್ಲಿಟ್ಟು ಹೊರಟುಹೋದ.

ಅವನೇ ಫೋನ್ ಮಾಡಬೇಕು. ತೂತು ಕೊರೆದವನು ಅವನು.

ಆಗಸ್ಟ್ 29, ಶುಕ್ರವಾರ

ನೋವು ನಾಲ್ಕು. ಬರೆಯುವಂಥದ್ದೇನೂ ಇಲ್ಲ. ಒಂದು ಕಾರು ಡ್ರೈವ್‌ವೇಗೆ ತಿರುಗಿದ ಸದ್ದಾಯಿತು. ಮೆಡಿಸಿನ್ ಡೆಲಿವರಿ.

ಸೆಪ್ಟೆಂಬರ್ 7, ಭಾನುವಾರ

ನಮ್ಮ ಹಾಗೆ ಉಗಿ ಎಂಜಿನ್ನು ಕಟ್ಟಿ ಓಡಿಸುವವರ ಸ್ಟೀಮ್ ಕ್ಲಬ್ಬಿನ ವಿನ್ನಿ ಫೋನ್ ಮಾಡಿದ್ದ. ಎಂಬತ್ತರ ಪ್ಲಂಬರು, ಕ್ಲಬ್ಬಿನ ಬಾಯ್ಲರುಗಳನ್ನೆಲ್ಲ ಪರೀಕ್ಷೆ ಮಾಡುವವನು ಅವನೇ. ಈ ವರ್ಷದ ಕೊನೆಯ ಓಟ ಅಕ್ಟೋಬರ್ ಹತ್ತೊಂಬತ್ತಕ್ಕೆ. ಆಮೇಲೆ ಕ್ಲಬ್ಬಿನ ಟ್ರ್ಯಾಕನ್ನು ರಿಪೇರಿಗೆ ಕಿತ್ತರೆ ಎರಡು ವರ್ಷ ಏನೂ ಓಡುವುದಿಲ್ಲವಂತೆ. "ಅಷ್ಟರಲ್ಲಿ ನಾನಿರ್ತೀನೋ ಇಲ್ಲವೋ. ನಿಮ್ಮಿಬ್ಬರ ಎಂಜಿನ್ನು ನೋಡಿಯೇ ಹೋಗಬೇಕು ಅಂತಿದೆ" ಎಂದ. ನಮ್ಮಿಬ್ಬರ ಎಂದ. ಪಾಲಾದ ವಿಷಯ ಅವನಿಗೆ ಗೊತ್ತಿದ್ದೂ.

ಮಂಜರಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು.

"ಎಷ್ಟ್ ದಿನಾ ಅಂತರಿ ಈ ಹಟಾ? ಶಶಿಯಣ್ಣಾರಿಗೆ ಒಂದ್ ಫೋನ್ ಹಚ್ರಿ."

"ಬಾಯ್ಲರ್ ಒಯ್ದಾಂವ ಅವ. ಅವನ ಹಚ್ಲಿ."

"ನಿಮಗ ಬಾಯ್ಲರ್ ಬೇಕೋ, ಅವರು ಬೇಕೋ?"

"ಬಾಯ್ಲರ್."

"ಹಂಗಂದ್ರ ಹೋಗಿ ಕೇಳ್ರಿ. ಬಾಯ್ಲರ್‌ಗೆ ಏನ್ ನಾಚಿಕಿ?"

ಮಾತಿನಲ್ಲಿ ಇವಳನ್ನು ಗೆದ್ದವರಿಲ್ಲ. ಹೋಗಿ ಕೇಳುವುದರಲ್ಲಿ ತಪ್ಪೇನಿಲ್ಲ. ಅರ್ಧ ಎಂಜಿನ್ನು ನನ್ನದು. ನೋವು ನಾಲ್ಕು ಇರಬೇಕು, ಗಮನಿಸಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಜೆರಿಕೋಗೆ ಹೋಗಿ ಬಂದೆ.

ಮಂಜರಿ ಬ್ರಿಜ್ ದಾಟಿ ಡ್ರೈವ್ ಮಾಡುವವಳಲ್ಲ. ಮಾರಿಸ್‌ಟೌನ್ ಸ್ಟೇಷನ್ನಿಗೆ ಬಿಟ್ಟಳು. ಅಲ್ಲಿಂದ ಪೆನ್ ಸ್ಟೇಷನ್, ಅಲ್ಲಿಂದ ಹಿಕ್ಸ್‌ವಿಲ್, ಅಲ್ಲಿಂದ ಊಬರ್. ಹೊಸ ಮೊಣಕಾಲಿಗೆ ಮೂರು ಗಂಟೆಯ ದಾರಿ. ರೈಲಿನುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಯೋಚಿಸಿದೆ. "ಬಾಯ್ಲರ್ ಕೇಳಾಕ ಬಂದೀನಿ" ಎನ್ನುವುದು ಕೊನೆಗೆ ನಿಂತಿತು. ಕ್ವೀನ್ಸ್ ದಾಟುವಾಗ ಫ್ಲಶಿಂಗ್ ಪಾರ್ಕು ನೆನಪಾಯಿತು. ಮೇಳ ಶುರುವಾದ ದಿನವೆಂದು ಪ್ರತಿವರ್ಷ ಏಪ್ರಿಲ್ ಮೂವತ್ತಕ್ಕೆ ಇಬ್ಬರೂ ರಜೆ ಹಾಕಿ ಆ ಪಾರ್ಕಿಗೆ ಹೋಗಿ, ಎಂಜಿನ್ನು ನಿಂತಿದ್ದ ಜಾಗ ಇದು, ಅಲ್ಲ ಅದು ಎಂದು ವಾದ ಮಾಡಿ, ಅಲ್ಲೇ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ನಾಲ್ಕು ಏಪ್ರಿಲ್ ಹೋಗಿವೆ.

ಅವರ ಬೀದಿಯ ಮೂಲೆಯಲ್ಲೇ ಊಬರ್ ಇಳಿದೆ, ನಡೆದುಕೊಂಡೇ ಹೋಗೋಣ ಎಂದು. ಶಶಿಧರ ಮನೆಯ ಮುಂದೆ ಮೇಲ್‌ಬಾಕ್ಸಿನ ಹತ್ತಿರ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅದೇ ಕಂದು ಸ್ವೆಟರು. ಇಪ್ಪತ್ತು ಅಡಿ ದೂರದಲ್ಲಿ ನಾನು ನಿಂತೆ. ನನ್ನ ಕೋಲಿನ ಸದ್ದಿಗೆ ತಲೆಯೆತ್ತಿದ. ನೇರವಾಗಿ ನನ್ನ ಮುಖ ನೋಡಿದ. ಎಷ್ಟು ಹೊತ್ತೋ ಗೊತ್ತಿಲ್ಲ, ಸಾಕಷ್ಟು ಹೊತ್ತು. ಆಮೇಲೆ ಕಾಗದಗಳನ್ನು ಎದೆಗೆ ಅವಚಿಕೊಂಡು ತಿರುಗಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗುರುತು ಸಿಗದವನ ಹಾಗೆ. ದಾರಿಹೋಕನ ಹಾಗೆ.

ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಬಾಗಿಲು ತೆಗೆಯುತ್ತಾನೇನೋ ಎಂದು ನೋಡಿದೆ, ಸುಳ್ಳು ಯಾಕೆ ಹೇಳಲಿ. ತೆಗೆಯಲಿಲ್ಲ. ಅದೇ ಊಬರ್, ಅದೇ ಹಿಕ್ಸ್‌ವಿಲ್, ಅದೇ ಪೆನ್ ಸ್ಟೇಷನ್.

ಮಂಜರಿ ಏನಾಯಿತೆಂದು ಕೇಳಿದಳು. ಮನೆಯಲ್ಲಿ ಯಾರೂ ಇರಲಿಲ್ಲ ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಎಂಜಿನ್ನನ್ನು ಮಾರಿಬಿಡುತ್ತೇನೆ. ಬಿಡಿಬಿಡಿಯಾಗಿ.

ಸೆಪ್ಟೆಂಬರ್ 21, ಭಾನುವಾರ

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅನುಶ್ರೀ ಫೋನ್ ಮಾಡಿದಳು, ಶಶಿಧರನ ಮಗಳು. ಚಿಕ್ಕವಳಿದ್ದಾಗ ಅವನ ಜೊತೆ ಬಂದು ನಮ್ಮ ಗರಾಜಿನಲ್ಲಿ ಸ್ಕ್ರೂ ಆರಿಸುತ್ತಿದ್ದವಳು. ಈಗ ಅವಳೂ ಮೂವತ್ತು ದಾಟಿದಳು.

"ರಾಜ್ ಅಂಕಲ್, ಬುಧವಾರ ಡೋರ್‌ಬೆಲ್ ಕ್ಯಾಮೆರಾದಲ್ಲಿ ನಿಮ್ಮನ್ನ ನೋಡ್ದೆ. ಯು ವರ್ ಜಸ್ಟ್ ಸ್ಟ್ಯಾಂಡಿಂಗ್ ದೇರ್. ಹನ್ನೊಂದು ನಿಮಿಷ. ಯಾಕೆ ಒಳಗೆ ಬರ್ಲಿಲ್ಲ?"

"ನಿಮ್ಮಪ್ಪ ನೋಡಿದನಲ್ಲಮ್ಮಾ. ನೋಡಿ ಒಳಗ ಹೋದ. ಹೆಂಗ ಬರಲಿ?"

"ಅಂಕಲ್, ಅಪ್ಪಂಗೆ ಮುಖ ಕಾಣಲ್ಲ" ಎಂದಳು.

ಕಣ್ಣಿನ ನಡುಭಾಗ ಸವೆದು ಹೋಗುವ ರೋಗವಂತೆ. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಗಡಿಯಾರ ಕಾಣುವುದಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಐದು ವರ್ಷದಿಂದ ಎಂದಳು. ಮೊದಲ ವರ್ಷ ಮನೆಯಲ್ಲೂ ಹೇಳದೆ ಮುಚ್ಚಿಟ್ಟಿದ್ದನಂತೆ. ಉಳಿದದ್ದೂ ಬೇಗ ಮಂಜಾಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರಂತೆ, ಮುಂದಿನ ವರ್ಷಕ್ಕೆ ಎಷ್ಟು ಉಳಿಯುತ್ತದೋ ಗೊತ್ತಿಲ್ಲವಂತೆ.

ಐದು ವರ್ಷ ಎಂದರೆ ಅವನು ತೂತು ಕೊರೆದ ದಿನಕ್ಕೆ ಒಂದು ವರ್ಷ ಮೊದಲು.

ಅವತ್ತು ನಾನು ಆಡಿದ ಮಾತನ್ನು ಈಗ ಬರೆಯಲೇಬೇಕು. "ನಿನ್ನ ಕಣ್ಣಿಗೆ ಏನೂ ಕಾಣೂದಿಲ್ಲಲೇ. ಇನ್ನಮ್ಯಾಲೆ ಇದನ್ನ ಮುಟ್ಟಬ್ಯಾಡ." ಹೀಗೆ ಅಂದೆ. ಯಾರಾದರೂ ಅನ್ನುತ್ತಿದ್ದ ಮಾತು ಎಂದು ಹಿಂದೆ ಬರೆದುಕೊಂಡಿದ್ದೇನೆ. ಅಲ್ಲ. ಅವನು ಮುಚ್ಚಿಟ್ಟದ್ದನ್ನು ಹುಡುಕಿ ಹೋಗಿ ಹೊಡೆದ ಹಾಗಾಯಿತು, ಹುಡುಕದಿದ್ದರೂ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬುಧವಾರ ನಾನು ಒಂದೇ ಒಂದು ಮಾತು ಆಡಿದ್ದರೆ ದನಿ ಗುರುತು ಹಿಡಿಯುತ್ತಿದ್ದ. ಇಪ್ಪತ್ತು ಅಡಿ ದೂರದಲ್ಲಿ ಬಾಯಿ ಮುಚ್ಚಿಕೊಂಡು ನಿಂತೆನಲ್ಲ.

ಮಂಜರಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 25, ಗುರುವಾರ

ಮೂರು ದಿನದಿಂದ ಹಿತ್ತಾಳೆ ಕತ್ತರಿಸುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದೊಂದೇ ಅಕ್ಷರ ಸಣ್ಣ ಗರಗಸದಲ್ಲಿ ಬಿಡಿಸಿ, ಅರ ಹಾಕಿ ಉಜ್ಜಿ, ಹಲಗೆಯ ಮೇಲೆ ಬೆಸೆಯಬೇಕು. ಕಾರೊನೇಷನ್ ಎಂದರೆ ಇಂಗ್ಲಿಷಿನಲ್ಲಿ ಹತ್ತೇ ಅಕ್ಷರ. ಇದು ಹದಿನೇಳು. ಡಚೆಸ್ ಆಫ್ ಹ್ಯಾಮಿಲ್ಟನ್ ಎಂದರೆ ಸುಮ್ಮನೆ ಆಗುತ್ತದೆಯೇ?

ಅಕ್ಷರಗಳನ್ನು ಸ್ವಲ್ಪ ಎತ್ತರವಾಗಿಯೇ ಇಟ್ಟಿದ್ದೇನೆ. ಬೆರಳಿಗೆ ಸಿಗಲಿ ಎಂದು.

ಹೊದಿಕೆಯ ಓರೆ ತೂತುಗಳನ್ನು ಮುಚ್ಚಿ ಬೇರೆ ಕೊರೆಯಬಹುದಿತ್ತು. ಬೇಡ ಅನ್ನಿಸಿತು.

ಸೆಪ್ಟೆಂಬರ್ 28, ಭಾನುವಾರ

ಫೋನ್ ಮಾಡಿದೆ. ಎರಡು ಸಲ ರಿಂಗಾಗುವಷ್ಟರಲ್ಲಿ 'ಇಟ್ಟುಬಿಡೋಣ' ಅನ್ನಿಸಿತು. ಮೂರನೆಯದಕ್ಕೆ ತೆಗೆದ.

"ನಾನು" ಎಂದೆ.

"ಹೇಳು ರಾಜ."

ಅಷ್ಟೇ. ನಾಲ್ಕು ವರ್ಷದಲ್ಲಿ ನನ್ನನ್ನು ರಾಜ ಎಂದು ಯಾರೂ ಕರೆದಿಲ್ಲ. ಮಂಜರಿ ರೀ ಎನ್ನುತ್ತಾಳೆ, ಮಿಕ್ಕವರು ಅಂಕಲ್ ಎನ್ನುತ್ತಾರೆ. ಮೊಣಕಾಲಿನ ವಿಷಯ ಹೇಳಿದೆ, ವಿನ್ನಿ ಹೇಳಿದ್ದು ಹೇಳಿದೆ, ಹತ್ತೊಂಬತ್ತನೇ ತಾರೀಖು ಹೇಳಿದೆ.

"ಬಾಯ್ಲರ್ ಬೇಕಾ? ಅನುಶ್ರೀ ಕೈಲಿ ಕಳಿಸ್ತೀನಿ."

"ನೀನೂ ಬರಬೇಕು."

"ನಾನ್ ಬಂದ್ ಏನ್ ಮಾಡ್ಲಿ? ನಂಗೇನೂ ಕಾಣ್ಸಲ್ಲ ಕಣೋ. ನೀನೇ ಹೇಳಿದ್ಯಲ್ಲ."

ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ನಾನು ತಪ್ಪಾಯಿತು ಎಂದೆ. ಜೀವನದಲ್ಲಿ ಎಷ್ಟು ಸಲ ಈ ಮಾತು ಆಡಿದ್ದೇನೋ, ಬೆರಳಲ್ಲಿ ಎಣಿಸಬಹುದು. ಅವನು "ಗೊತ್ತಿಲ್ಲ ರಾಜ, ನೋಡೋಣ" ಎಂದು ಇಟ್ಟುಬಿಟ್ಟ.

ನೋಡೋಣ ಎಂದ. ಬರುವುದಿಲ್ಲ ಎನ್ನಲಿಲ್ಲ.

ಅಕ್ಟೋಬರ್ 5, ಭಾನುವಾರ

ಅನುಶ್ರೀ ಬಾಯ್ಲರು, ಟೆಂಡರು ತಂದುಕೊಟ್ಟಳು. ಬಾಯ್ಲರು ಹಿಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡೇ ಬಂತು. ಹಳೆಯ ಕಂಬಳಿ ಸುತ್ತಿದ್ದರು. ಬಿಚ್ಚಿದರೆ ತಾಮ್ರ ಫಳಫಳ ಹೊಳೆಯುತ್ತಿದೆ. ನಾಲ್ಕು ವರ್ಷ ಮೂಲೆಯಲ್ಲಿ ಬಿದ್ದ ತಾಮ್ರ ಹೀಗೆ ಇರುವುದಿಲ್ಲ.

"ಯಾರಮ್ಮಾ ತಿಕ್ಕಿದವರು?"

"ಅಪ್ಪ. ಎವ್ರಿ ಸಂಡೇ. ಬಟ್ಟೆ ಹಿಡ್ಕೊಂಡು ಕೂತ್ಬಿಡ್ತಾರೆ. ಅಮ್ಮ ಅದಕ್ಕೆ ಅಭಿಷೇಕ ಅಂತ ಹೆಸರಿಟ್ಟಿದಾರೆ."

ನಾನು ಇಲ್ಲಿ ಎಣ್ಣೆ, ಅವನು ಅಲ್ಲಿ ಬಟ್ಟೆ. ಎರಡು ಮನೆಯಲ್ಲಿ ಅರ್ಧರ್ಧ ಎಂಜಿನ್ನು ಇಟ್ಟುಕೊಂಡು ಎರಡು ಮುದಿ ಹುಚ್ಚರು.

ಶಶಿ ಬರುತ್ತಾನಾ ಎಂದು ಕೇಳಿದೆ. "ಅವ್ರು ಹೂಂ ಅಂದಿಲ್ಲ ಅಂಕಲ್. ಸ್ವೆಟರ್ ಒಗೆಸ್ಕೊಂಡಿದಾರೆ" ಎಂದಳು.

ಅಕ್ಟೋಬರ್ 11, ಶನಿವಾರ

ಬಾಯ್ಲರು ಪಾಸಾಯಿತು. ವಿನ್ನಿ ನೀರು ತುಂಬಿ ಪಂಪು ಒತ್ತಿ ನೂರ ಎಂಬತ್ತು ಪೌಂಡಿಗೆ ಏರಿಸಿದ, ಓಡುವಾಗಿನ ಒತ್ತಡಕ್ಕೆ ಎರಡರಷ್ಟು. ಅರ್ಧ ಗಂಟೆ ಮೂವತ್ತು ಬೆಸುಗೆಗಳನ್ನೂ ಟಾರ್ಚು ಹಾಕಿ ನೋಡಿದ. ಒಂದು ಹನಿ ಇಲ್ಲ. ಇದನ್ನು ಬೆಸೆದವನು ಯಾರು, ಎಲ್ಲಿ, ಕೈಗೆ ಮುತ್ತು ಕೊಡಬೇಕು ಎಂದ. ಜೆರಿಕೋದಲ್ಲಿ ಎಂದೆ.

ಮೊಣಕಾಲು ನೋಯುತ್ತಿದೆಯೇ ಎಂದು ಥೆರಪಿಯ ಹುಡುಗಿ ಕೇಳಿದಳು. ಪುಸ್ತಕ ತೋರಿಸಿ ಎಂದಳು. ಕಳೆದುಹೋಗಿದೆ ಎಂದೆ.

ಅಕ್ಟೋಬರ್ 19, ಭಾನುವಾರ

ಈಗ ರಾತ್ರಿ ಊಟವಾಯಿತು. ಬಟ್ಟೆಯಿಂದ ಕಲ್ಲಿದ್ದಲಿನ ವಾಸನೆ ಹೋಗಿಲ್ಲ. ಹೋಗುವುದು ಬೇಡ.

ಒಂಬತ್ತಕ್ಕೇ ಕ್ಲಬ್ಬಿನ ಟ್ರ್ಯಾಕಿಗೆ ಹೋಗಿ ಎಂಜಿನ್ನು ಇಳಿಸಿದೆವು. ಹತ್ತಾಯಿತು. ಹತ್ತೂವರೆಯಾಯಿತು. ವಿನ್ನಿ ಬೆಂಕಿ ಹಾಕು ಎಂದ, ಸ್ವಲ್ಪ ತಡಿ ಎಂದೆ. ಹನ್ನೊಂದಕ್ಕೆ ಅನುಶ್ರೀಯ ಕಾರು ಬಂತು. ಕಂದು ಸ್ವೆಟರು ಇಳಿಯಿತು. ಈ ಸಲ ಬಾಯಿ ಮುಚ್ಚಿಕೊಂಡು ನಿಲ್ಲಲಿಲ್ಲ.

"ಬಂದ್ಯೇನಪಾ?"

ದನಿ ಬಂದ ಕಡೆ ತಿರುಗಿದ. ನನ್ನನ್ನು ನೋಡಬೇಕಾದರೆ ಅವನು ನನ್ನ ಪಕ್ಕಕ್ಕೆ ನೋಡಬೇಕು. ಹಾಗೆ ಓರೆಯಾಗಿ ನೋಡುತ್ತಾ ಹತ್ತಿರ ಬಂದ.

"ದಪ್ಪ ಆಗಿದೀಯ ಅಂತ ಗೊತ್ತಾಗ್ತಾ ಇದೆ. ಕೂದಲು ಇದ್ಯೋ ಇಲ್ವೋ?"

ಟೋಪಿ ತೆಗೆದು ಅವನ ಕೈ ಹಿಡಿದು ನನ್ನ ತಲೆಯ ಮೇಲಿಟ್ಟೆ. ಅವನ ಕೈ ಅಲ್ಲಿ ಸ್ವಲ್ಪ ಹೊತ್ತು ಇತ್ತು. "ಪಾಲಿಶ್ ಚೆನ್ನಾಗ್ ಬಂದಿದೆ" ಎಂದ. ಇಬ್ಬರೂ ನಕ್ಕೆವು. ಮಂಜರಿ ಆ ಕಡೆ ತಿರುಗಿ ಗಿರ್ಮಿಟ್ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

ಆಮೇಲೆ ಶಶಿ ಮಂಡಿಯೂರಿ ಎಂಜಿನ್ನನ್ನು ಮೂತಿಯಿಂದ ಸವರುತ್ತಾ ಬಂದ. ಬಲಗಡೆಯ ಹಲಗೆಯ ಮೇಲೆ ಬೆರಳು ನಿಂತಿತು. ಒಂದೊಂದೇ ಅಕ್ಷರ ಮುಟ್ಟಿದ. ಹದಿನೇಳೂ ಮುಟ್ಟಿ ಮುಗಿಯುವವರೆಗೆ ನಾನು ಕಾದೆ.

"ಓರೆ ಇದೆ."

"ಹೌದು. ನೀ ಕೊರೆದ ತೂತಿಗೇ ಹಾಕೀನಿ."

ಅವನು ಎದ್ದು ಮೂಗು ಒರೆಸಿಕೊಂಡು ಬೆಂಕಿ ಹಾಕು ಎಂದ.

ಮುಕ್ಕಾಲು ಗಂಟೆಯಲ್ಲಿ ಉಗಿ ಏರಿತು. ಎಂಜಿನ್ನಿಗೆ ಕಟ್ಟಿದ ಗಾಡಿಯಲ್ಲಿ ಮುಂದೆ ಶಶಿ ಕೂತ, ಕೈ ಉಗಿ ಬಿಡುವ ರೆಗ್ಯುಲೇಟರಿನ ಮೇಲೆ. ಹಿಂದೆ ನಾನು, ಮಡಚದ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು. ಅವನಿಗೆ ದಾರಿ ಕಾಣುವುದಿಲ್ಲ, ನನಗೆ ಎಂಜಿನ್ನಿಗೆ ಕೈ ಎಟಕುವುದಿಲ್ಲ. ತಿರುವು ಬಂದಾಗ ಅವನ ಹೆಗಲು ಒತ್ತಿದೆ, ನೇರ ಬಂದಾಗ ಬಿಟ್ಟೆ. ಡಚೆಸ್ ಮೊದಲು ಒಂದು ಸಲ ಕೆಮ್ಮಿದಳು, ಆಮೇಲೆ ಓಟ ಹಿಡಿದಳು. ನಾಲ್ಕು ಸಿಲಿಂಡರಿನ ಸದ್ದು ಮರಗಳ ನಡುವೆ ತುಂಬಿಕೊಂಡಿತು. ಇಪ್ಪತ್ತಮೂರು ವರ್ಷ ನಾನು ಮನಸ್ಸಿನಲ್ಲೇ ಕೇಳಿದ್ದ ಸದ್ದು.

"ಹೊಗೆ ಯಾವ ಬಣ್ಣ ಬರ್ತಿದೆ?" ಎಂದು ಕೂಗಿದ.

"ಬಿಳಿ."

"ಸುಳ್ಳ. ವಾಸನೆ ಬರ್ತಾ ಇದೆ, ಕಪ್ಪು. ಕಲ್ಲಿದ್ದಲು ಜಾಸ್ತಿ ಹಾಕಿದೀಯ."

ಹೊರಡುವ ಮೊದಲು ಜಾಸ್ತಿಯೇ ಹಾಕಿದ್ದೆ. ಎರಡನೇ ಸುತ್ತಿನಲ್ಲಿ, ಬಲಗಡೆ ಒಂದು ಬಡಿತ ಕೂದಲೆಳೆಯಷ್ಟು ತಡವಾಗುತ್ತಿದೆ, ವಾಲ್ವ್ ಸರಿಮಾಡಬೇಕು ಎಂದ. ನನಗೆ ಅದು ಕೇಳಿಸಲೇ ಇಲ್ಲ. ಆರು ಸುತ್ತು ಹೋದೆವು. ನೀರು ಮುಗಿಯುವವರೆಗೂ ಹೋದೆವು.

ಎಂಜಿನ್ನು ಆರಲು ಬಿಟ್ಟು ಬೆಂಚಿನ ಮೇಲೆ ಕೂತಾಗ ಶಶಿ ಸ್ವೆಟರಿನೊಳಗೆ ಕೈಹಾಕಿ ಕರ್ಚೀಫಿನ ಗಂಟು ತೆಗೆದು ನನ್ನ ಕೈಯಲ್ಲಿಟ್ಟ. ಬಿಚ್ಚಿದೆ. ಹಿತ್ತಾಳೆಯ ಹಲಗೆ. ಹತ್ತು ಅಕ್ಷರ. ಕಾರೊನೇಷನ್. ಅಂಚುಗಳು ಎಷ್ಟು ಚೂಪು ಎಂದರೆ ನಾನು ಮಾಡಿದ್ದನ್ನು ಅದರ ಪಕ್ಕ ಇಡಲು ನಾಚಿಕೆಯಾಗಬೇಕು.

"ಜಗಳ ಆದ ವಾರವೇ ಮಾಡ್ದೆ" ಎಂದ. "ಲೆನ್ಸ್ ಹಾಕ್ಕೊಂಡು, ಮುಖ ಅಡ್ಡ ತಿರುಗಿಸ್ಕೊಂಡು. ಕಣ್ಣಲ್ಲಿ ಮಾಡಿದ್ ಕೊನೇ ಕೆಲಸ ಅದು."

"ಹಂಗಿದ್ರ ಕಳಸಬಾರದಿತ್ತೇನಲೇ?"

"ನೀನು ಬರ್ತೀಯ ಅಂತ ಡ್ರಾಯರ್‌ನಲ್ಲಿ ಇಟ್ಕೊಂಡಿದ್ದೆ. ಬಂದಾಗ ಕೈಗೇ ಕೊಡೋಣ ಅಂತ."

ನಾಲ್ಕು ವರ್ಷ. ಎರಡು ಬ್ರಿಜ್ಜಿನಾಚೆ, ಡ್ರಾಯರಿನೊಳಗೆ.

ಎಂಜಿನ್ನಿನ ಎಡಗಡೆ ಹೊದಿಕೆಗೆ ಇನ್ನೂ ತೂತು ಕೊರೆದಿಲ್ಲ. ಅಲ್ಲಿ ಇದನ್ನು ಹಾಕೋಣ, ಮುಂದಿನ ಭಾನುವಾರ ಬಂದು ನೀನೇ ಕೊರೆಯಬೇಕು ಎಂದೆ.

"ಓರೆ ಆಗುತ್ತೆ ಕಣೋ."

"ಆಗಲಿ."

ಮುಂದಿನ ಭಾನುವಾರ ನಾನೇ ಜೆರಿಕೋಗೆ ಹೋಗಿ ಕರೆದುಕೊಂಡು ಬರುತ್ತೇನೆ, ಡಾಕ್ಟರು ಡ್ರೈವ್ ಮಾಡಬಹುದು ಎಂದಿದ್ದಾರೆ. ಗಿರ್ಮಿಟ್ ಜಾಸ್ತಿ ಮಾಡು ಎಂದು ಮಂಜರಿಗೆ ಹೇಳಬೇಕೆಂದುಕೊಂಡೆ. ಹೇಳಬೇಕಾಗಿಲ್ಲ. ಅವಳು ಮೂವರಿಗಾಗುವಷ್ಟೇ ಮಾಡುತ್ತಾಳೆ.